ಚೀನಾ ರೇಷ್ಮೆ ಮೇಲೆ ಸುಂಕ ಜಾಸ್ತಿ ಇರಬೇಕಾ?

ಪರ

ಇರ್ಲೇಬೇಕು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ, ಅಂದ್ರೆ ಗೂಡಿಂದ ಬಿಚ್ಚಿದ ನೂಲಿನ, ಆಮದು ಸುಂಕನ 30 ಪರ್ಸೆಂಟ್‌ನಿಂದ ಒಂದೇ ಸಲಕ್ಕೆ 5ಕ್ಕೆ ಇಳಿಸಿಬಿಟ್ರಲ್ಲ, ಆಮೇಲೆ ರಾಮನಗರದ ಗೂಡಿನ ಮಾರ್ಕೆಟ್‌ನಲ್ಲಿ ರೇಟು ಬಿದ್ದಿದ್ದನ್ನ ರೇಷ್ಮೆ ಬೆಳೆಗಾರರು ಇವತ್ತಿಗೂ ಮರೆತಿಲ್ಲ. ಹಿಪ್ಪುನೇರಳೆ ತೋಟ ರಾಗಿ ಹೊಲದ ಥರ ಅಲ್ಲ ಕಣ್ರೀ, ಈ ವರ್ಷ ಬೇಡ ಮುಂದಿನ ವರ್ಷ ನೋಡೋಣ ಅನ್ನೋಕೆ. ಒಂದ್ಸಲ ನೆಟ್ರೆ ಹದಿನೈದು ವರ್ಷ ಸೊಪ್ಪು ಕೊಡೋ ಗಿಡ, ಅದ್ರ ಜೊತೆಗೆ ಬೋರ್‌ವೆಲ್ಲು, ಡ್ರಿಪ್ಪು, ಹುಳ ಸಾಕೋ ಮನೆ, ಹುಳ ಗೂಡು ಕಟ್ಟೋಕೆ ಇಡೋ ಚಂದ್ರಿಕೆ, ಇದರಲ್ಲಿ ಅರ್ಧಕ್ಕರ್ಧ ಸಾಲದಲ್ಲೇ ಆಗಿರುತ್ತೆ. ಚಾಕಿ ಹುಳ, ಅಂದ್ರೆ ಮರಿ ಹುಳ ತಂದು, ಅದು ಬಲಿತು ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ರೇಟು ಬಿದ್ರೆ, ಒಳ್ಳೆ ಬೆಲೆ ಬರ್ಲಿ ಅಂತ ಗೂಡನ್ನ ಮನೇಲಿ ಇಟ್ಕೊಂಡು ಕೂರೋಕೂ ಆಗಲ್ಲ, ವಾರ ಹತ್ತು ದಿನ ಬಿಟ್ರೆ ಚಿಟ್ಟೆ ತೂತು ಕೊರ್ಕೊಂಡು ಆಚೆ ಬಂದು ನೂಲೆಲ್ಲ ಹಾಳು. ಹೊಂದ್ಕೊಳ್ಳಿ ಅಂತಾರೆ, ಹೊಂದ್ಕೊಳ್ಳೋಕೆ ಟೈಮ್ ಎಲ್ಲಿ ಕೊಟ್ರು? 2013ರಲ್ಲಿ ಸರ್ಕಾರಾನೇ ಸುಂಕನ ಮತ್ತೆ 15ಕ್ಕೆ ಏರಿಸ್ತು, ಆದ್ರೆ ಅಷ್ಟೊತ್ತಿಗೆ ತೋಟ ಕಿತ್ತಾಕಿದವರು ಕಿತ್ತಾಕಿ ಆಗಿತ್ತು.

ವಿರೋಧ

ರೈತರ ಕಷ್ಟ ಸುಳ್ಳಲ್ಲ, ಆದ್ರೆ ಮಗ್ಗದ ಮುಂದೆ ಕೂತವರೂ ನಮ್ಮೋರೇ ಅಲ್ವಾ. ಪವರ್‌ಲೂಮ್‌ನಲ್ಲಿ ಹಾಸಿನ ನೂಲು, ಅಂದ್ರೆ ಉದ್ದಕ್ಕೆ ಎಳೆದು ಕಟ್ಟೋ ನೂಲು, ಗಟ್ಟಿ ಇರಬೇಕು, ಒಂದೇ ಸಮ ಇರಬೇಕು. ಮಿಶ್ರತಳಿ ಗೂಡಿಂದ ಚರಕದಲ್ಲಿ ಬಿಚ್ಚಿದ ನೂಲು ಹೊಕ್ಕಿಗೆ, ಅಂದ್ರೆ ಅಡ್ಡಕ್ಕೆ ನೇಯೋಕೆ ನಡೆಯುತ್ತೆ, ಹಾಸಿನಲ್ಲಿ ಹಾಕಿದ್ರೆ ಪದೇ ಪದೇ ಕಿತ್ತು ಹೋಗುತ್ತೆ. ಅದಕ್ಕೇ ಚೀನಾ ನೂಲು ತಗೊಳ್ಳೋದು, ಅದರ ಮೇಲೇನೂ ಪ್ರೀತಿ ಇದ್ದು ಅಲ್ಲ. ಸುಂಕ ಏರಿಸಿದ್ರೆ ಇಲ್ಲಿನ ನೂಲಿನ ರೇಟೂ ಜೊತೆಗೇ ಏರುತ್ತೆ, ಗಿರಾಕಿ ಸೀರೆಗೆ ಜಾಸ್ತಿ ಕೊಡಲ್ಲ, ಸೂರತ್‌ನ ಪಾಲಿಯೆಸ್ಟರ್ ಸೀರೆ ತಗೊಂಡು ಹೋಗ್ತಾರೆ, ಕಡಿತ ಆಗೋದು ದೊಡ್ಡಬಳ್ಳಾಪುರದ ನೇಕಾರರ ಕೂಲಿ.

ಇನ್ನೊಂದು ಮಾತು, 2003ರಲ್ಲೇ ಚೀನಾ ರೇಷ್ಮೆಗೆ ಆಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯೋದನ್ನ ತಡೆಯೋ ಸುಂಕ) ಹಾಕಿದ್ರು, ನಡುವೆ 10ಕ್ಕೆ ಇಳಿದಿದ್ದ ಆಮದು ಸುಂಕನ 2021ರಲ್ಲಿ ಮತ್ತೆ 15 ಮಾಡಿದ್ರು, ಇಷ್ಟು ವರ್ಷ ಆದ್ಮೇಲೂ ಹಾಸಿನಲ್ಲಿ ಹಾಕೋ ಥರದ ನೂಲು ನಮ್ಮಲ್ಲಿ ಸಾಕಾಗೋಷ್ಟು ಸಿಗ್ತಿಲ್ಲ. ಬೈವೋಲ್ಟೀನ್ ಅನ್ನೋ ಒಳ್ಳೆ ತಳಿಯ ಗೂಡು, ನೂಲು ಬಿಚ್ಚೋ ಆಟೋಮ್ಯಾಟಿಕ್ ರೀಲಿಂಗ್ ಮಷಿನ್ ಇದ್ದ ಕಡೆ ಅಂಥ ನೂಲು ಇಲ್ಲೇ ಬರ್ತಿದೆ. ದುಡ್ಡು ಅಲ್ಲಿಗೆ ಹಾಕಿ, ಗೂಡಿನ ರೇಟು ಬಿದ್ದ ತಿಂಗಳು ಕೇಜಿಗೆ ಇಷ್ಟು ಅಂತ ರೈತರ ಅಕೌಂಟಿಗೇ ನೇರ ಕೊಡಿ, ಆ ಹೊರೆನ ನೂಲಿನ ರೇಟಲ್ಲಿ ಸೇರಿಸಿ ನೇಕಾರರ ತಲೆ ಮೇಲೆ ಯಾಕೆ ಹೊರಿಸ್ತೀರಾ?