ಜಪಾನಿಗರ ಊರಿನಲ್ಲಿ ಅಮ್ಮನ ಫೇಣಿ

ಥಾಯ್ಲೆಂಡಿನ ಅಯುತ್ತಾಯದಲ್ಲಿ ಆಟೋಗಳ ಮೂತಿ ಕಪ್ಪೆ ಥರ ಇರುತ್ತದೆ. ಅಂಥದ್ದರಲ್ಲಿ ಅಪ್ಪ, ಅಮ್ಮ, ನಾನು ಒತ್ತಿಕೊಂಡು ಕೂತು "ಜಪಾನೀಸ್ ವಿಲೇಜ್" ಅಂದೆವು. ಚಾಲಕ ಖುಷಿಯಿಂದ ತಲೆಯಾಡಿಸಿ ಒಂದು ಜಪಾನಿ ಹೋಟೆಲಿನ ಮುಂದೆ ಇಳಿಸಿದ. ಬಾಗಿಲಲ್ಲೇ ಮೀನಿನ ಚಿತ್ರ. ಅಮ್ಮ ಇಳಿಯಲೇ ಇಲ್ಲ.

ಮೊಬೈಲಿನಲ್ಲಿ ನಕ್ಷೆ ತೋರಿಸಿ, ಕೈಸನ್ನೆ ಮಾಡಿ, ಕಡೆಗೂ ಚಾವೋ ಫ್ರಾಯಾ ನದಿ ದಂಡೆ ತಲುಪಿದೆವು. ಅಪ್ಪನಿಗೆ ಹಂಪಿ ಥರ ಕಲ್ಲುಮಂಟಪಗಳ ನಿರೀಕ್ಷೆ. ಇದ್ದದ್ದು ನೀಟಾದ ತೋಟ, ಎ.ಸಿ. ಹಾಕಿದ ಪ್ರದರ್ಶನದ ಹಾಲ್.

"ಊರೆಲ್ಲೋ?"

"1630ರಲ್ಲೇ ಸುಟ್ಟು ಹಾಕಿದರಂತಪ್ಪ."

"ಮತ್ತೆ ಟಿಕೆಟ್ ಯಾಕೆ?"

ಹಾಲ್ ಒಳಗೆ ಹೋದ ಮೇಲೆ ಅಪ್ಪ ತಣ್ಣಗಾದರು. ಎ.ಸಿ.ಯೂ ಕಾರಣ ಅನ್ನಿ. 17ನೇ ಶತಮಾನದ ಶುರುವಿನಲ್ಲಿ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಷೋಗನ್ನನ ಕೆಂಪು ಮುದ್ರೆಯ ಪರವಾನಗಿ ಹಿಡಿದು ಜಪಾನಿ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಬೆಳ್ಳಿ ತಂದು ಜಿಂಕೆ ಚರ್ಮ ಒಯ್ಯುತ್ತಿದ್ದವು. ವ್ಯಾಪಾರಿಗಳು, ಒಡೆಯನಿಲ್ಲದ ಸಮುರಾಯ್‌ಗಳು, ಊರು ಬಿಟ್ಟು ಬಂದ ಕ್ರೈಸ್ತರು ಎಲ್ಲ ಸೇರಿ ಇಲ್ಲೊಂದು ಕೇರಿ ಕಟ್ಟಿಕೊಂಡರು. ಅವರ ಮುಖಂಡ ಯಮಾದಾ ನಾಗಮಾಸಾ. ಅಯುತ್ತಾಯದ ರಾಜನ ಕಾವಲು ಪಡೆಯ ದಳಪತಿಯಾಗಿ ದೊಡ್ಡ ಬಿರುದು ಪಡೆದವನು. ಆ ರಾಜ ಸತ್ತ ಮೇಲೆ ಗದ್ದುಗೆಯ ಜಗಳ ಶುರುವಾಯಿತು. ಇವನನ್ನು ದಕ್ಷಿಣದ ಲಿಗೋರಿಗೆ ಅಧಿಪತಿ ಮಾಡಿ ಸಾಗಹಾಕಿದರು. ಅಲ್ಲೇ ತೀರಿಕೊಂಡ. ವಿಷ ಹಾಕಿದರು ಅನ್ನುತ್ತಾರೆ.

ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. "ಪ್ರಮೋಷನ್ ಕೊಟ್ಟು ದೂರ ವರ್ಗ ಮಾಡಿದ್ರು ಅಂದ್ರೆ ಫೈಲ್ ಕ್ಲೋಸ್ ಅಂತಾನೇ ಅರ್ಥ" ಅಂದರು.

ಅಮ್ಮನಿಗೆ ರಾಜಕೀಯ ಬೇಡ. ಬೆಳಿಗ್ಗೆ ಗಾಡಿಯವಳ ಹತ್ತಿರ ಕೊಂಡ ಸಿಹಿಯ ಡಬ್ಬಿ ತೆಗೆದು ಹೊರಗಿನ ಕಟ್ಟೆ ಮೇಲೆ ಕೂತರು. ಚಿನ್ನದ ಬಣ್ಣ, ಕೂದಲೆಳೆಯಂಥ ನೂಲು, ಮಡಿಸಿಟ್ಟ ಪುಟ್ಟ ಪುಟ್ಟ ಸಿಂಬಿ. "ನಮ್ಮ ಫೇಣಿನೇ ಕಣೋ, ಸ್ವಲ್ಪ ಒದ್ದೆ ಅಷ್ಟೇ."

ನಾನು ಒಳಗೆ ಮರಿಯಾ ಗುಯೋಮಾರ್ ಎಂಬಾಕೆಯ ಕತೆ ಹೇಳುವ ಪ್ರದರ್ಶನದ ಮುಂದೆ ನಿಂತಿದ್ದೆ. ತಾಯಿ ಕಡೆಯಿಂದ ಜಪಾನಿ ರಕ್ತ, ತಂದೆ ಗೋವಾದಿಂದ ಬಂದವರು, ಗಂಡ ಗ್ರೀಕ್. ಆ ಗಂಡನ ತಲೆ 1688ರಲ್ಲಿ ಹೋಯಿತು. ಆಮೇಲೆ ಈಕೆ ಅರಮನೆಯ ಅಡುಗೆಮನೆ ಸೇರಿದಳು. ಪೋರ್ಚುಗೀಸರ ಸಿಹಿಗಳನ್ನು ಥಾಯ್ ಜನರಿಗೆ ಕಲಿಸಿದವಳು ಇವಳೇ ಅನ್ನುತ್ತಾರೆ. ಹೆಸರುವಾಸಿಯಾದದ್ದು ಫೋಯ್ ಥಾಂಗ್.

ಫೋಟೋ ನೋಡಿದೆ. ಅಮ್ಮನ ಡಬ್ಬಿಯದ್ದೇ! ಮೊಬೈಲ್ ತೆಗೆದು ಮಾಡುವ ವಿಧಾನ ಹುಡುಕಿ, ಹೊರಗೆ ಬಂದು ಜೋರಾಗಿ ಓದಿದೆ: "ಬಾತುಕೋಳಿ ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆ ಪಾಕಕ್ಕೆ ಎಳೆಎಳೆಯಾಗಿ ಬಿಟ್ಟು..."

ಅಮ್ಮನ ದವಡೆ ನಿಂತಿತು. ಗುರುವಾರ ಬೇರೆ. ರಾಯರ ವಾರ.

ಬಾಟಲಿ ನೀರೆಲ್ಲ ಬಾಯಿ ಮುಕ್ಕಳಿಸಲು ಖರ್ಚಾಯಿತು. ಅಪ್ಪ "ದುಡ್ಡು ಕೊಟ್ಟಾಗಿದೆಯಲ್ಲ" ಅಂತ ಡಬ್ಬಿಗೆ ಕೈ ಹಾಕಿ, ಅಮ್ಮನ ಮುಖ ನೋಡಿ ತೆಗೆದರು. ವಾಪಸ್ ಬರುವಾಗ ಅರ್ಧ ದಾರಿಯವರೆಗೆ ಮಾತಿಲ್ಲ.

ಆಮೇಲೆ ಅಮ್ಮನೇ ಮೆಲ್ಲಗೆ ಅಂದರು: "ಪಾಕ ಮಾತ್ರ ಒಳ್ಳೆ ಹದಕ್ಕೆ ಬಂದಿತ್ತು ಕಣೋ."