ಹುಬ್ಬಳ್ಳಿ ತಂಡ ಹುಬ್ಬಳ್ಳಿಯಲ್ಲೇ ಆಡಲಿ

ಷಿಕಾಗೋದ ಓಹೇರ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ರೋಸ್‌ಮಾಂಟ್ ಅನ್ನೋ ಊರಿದೆ. ಜನಸಂಖ್ಯೆ ಸುಮಾರು 4,000. ನಮ್ಮಲ್ಲಾದರೆ ಅದು ಒಂದು ಹಳ್ಳಿ. ಆ ಊರಿನ ಆಡಳಿತಕ್ಕೆ ಸ್ವಂತದ್ದೊಂದು ಒಳಾಂಗಣ ಕ್ರೀಡಾಂಗಣ ಇದೆ, ಆಲ್‌ಸ್ಟೇಟ್ ಅರೀನಾ. 16,000ಕ್ಕೂ ಹೆಚ್ಚು ಜನ ಕೂರಬಹುದು. ಸುತ್ತಲಿನ ಉಪನಗರಗಳಲ್ಲಿ ನಮ್ಮಂಥ ಕನ್ನಡಿಗರ ಮನೆಗಳು ಸಾಕಷ್ಟಿವೆ. ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಇದು ಒಳ್ಳೆ ಜಾಗ.

1980ರಲ್ಲಿ ರೋಸ್‌ಮಾಂಟ್ ಹೊರೈಜನ್ ಅನ್ನೋ ಹೆಸರಲ್ಲಿ ಇದು ಶುರುವಾಯಿತು. ಕಟ್ಟುತ್ತಿದ್ದಾಗ, 1979ರ ಆಗಸ್ಟ್‌ನಲ್ಲಿ, ಮರದ ತೊಲೆಗಳ ಚಾವಣಿ ಕುಸಿದು ಐವರು ಕೆಲಸಗಾರರು ಸತ್ತರು. ಒಳಗೆ ಕೂತು ಆಟ ನೋಡುವವರು ಅವರನ್ನು ಮರೆಯಬಾರದು.

ಷಿಕಾಗೋ ವೂಲ್ವ್ಸ್ ಅನ್ನೋ ಐಸ್ ಹಾಕಿ ತಂಡ 1994ರಿಂದ ಇಲ್ಲೇ ಆಡುತ್ತಿದೆ. ಅದು ಆಡುವುದು ಅಲ್ಲಿನ ಅತಿ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ. ನಾಳೆ ದೊಡ್ಡ ತಂಡಕ್ಕೆ ಹೋಗುವ ಹುಡುಗರು ಇವತ್ತು ಇಲ್ಲಿ ಬೆವರು ಸುರಿಸುತ್ತಾರೆ. 2002, 2008, 2022ರಲ್ಲಿ ಆ ಲೀಗ್‌ನ ಕಾಲ್ಡರ್ ಕಪ್ ಗೆದ್ದ ತಂಡ. ನನಗೆ ಕಪ್‌ಗಿಂತ ದೊಡ್ಡದಾಗಿ ಕಾಣುವುದು ಅವರ ವೇಳಾಪಟ್ಟಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ, ಅದರಲ್ಲಿ 36 ತವರಿನಲ್ಲಿ. ಮುಂದಿನ ತಿಂಗಳ ಶನಿವಾರ ಆಟ ಎಲ್ಲಿ, ಎಷ್ಟು ಗಂಟೆಗೆ ಅಂತ ಊರಿಗೆಲ್ಲ ಮೊದಲೇ ಗೊತ್ತು.

ನಡುವೆ ಸಂಗೀತ ಕಾರ್ಯಕ್ರಮವೂ ನಡೆಯುತ್ತದೆ, ಸರ್ಕಸ್ಸೂ ಬರುತ್ತದೆ. ಅದಕ್ಕೆಂದು ಮಂಜುಗಡ್ಡೆಯನ್ನು ಪ್ರತಿ ಸಲ ಕರಗಿಸಬೇಕಿಲ್ಲ. ಮೇಲೆ ಚಳಿ ತಡೆಯುವ ಹಲಗೆ ಜೋಡಿಸಿ ಕುರ್ಚಿ ಹಾಕಿದರೆ ಮುಗಿಯಿತು. ಬ್ಯಾಸ್ಕೆಟ್‌ಬಾಲ್ ಇದ್ದರೆ ಆ ಹಲಗೆಯ ಮೇಲೆ ಮರದ ಅಂಕಣ ಹಾಸುತ್ತಾರೆ. ಕಟ್ಟಡ ಸುಮ್ನೆ ಬೀಗ ಹಾಕಿಕೊಂಡು ಕೂರುವುದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಕಾರಿಲ್ಲದವರಿಗೆ ಇಲ್ಲಿಗೆ ಬರುವುದು ಕಷ್ಟ. ಬೆಂಗಳೂರಿನ ಕಂಠೀರವಕ್ಕೆ ಬಸ್ಸಲ್ಲೋ ಮೆಟ್ರೋದಲ್ಲೋ ಬಂದು ನಾಲ್ಕು ಹೆಜ್ಜೆ ನಡೆದರಾಯಿತು. ಆ ಸುಖ ಇಲ್ಲಿಲ್ಲ. ಡಿಪಾಲ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1980ರಿಂದ ಇಲ್ಲಿ ಆಡಿತು. ಆದರೆ ಅದರ ವಿದ್ಯಾರ್ಥಿಗಳಿರುವುದು ದೂರದ ನಗರದೊಳಗೆ. ಕೊನೆಗೆ 2017ರಲ್ಲಿ ತಂಡ ನಗರದ ಹೊಸ ಅರೀನಾಗೆ ಹೋಯಿತು. ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಷಿಕಾಗೋ ಸ್ಕೈ ಕೂಡ ಮರುವರ್ಷ ಅದೇ ದಾರಿ ಹಿಡಿಯಿತು. ತಂಡ ಒಂದು ಕಡೆ, ಅದನ್ನು ನೋಡುವ ಜನ ಇನ್ನೊಂದು ಕಡೆ ಇದ್ದರೆ ಜಾಸ್ತಿ ದಿನ ನಡೆಯುವುದಿಲ್ಲ.

ಇದೇ ಕಾರಣಕ್ಕೆ ನನಗೆ ನಮ್ಮ ಕರ್ನಾಟಕದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ ಬಗ್ಗೆ ಬೇಸರ. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಕಪ್ ಗೆದ್ದಿತು. ಎಷ್ಟು ಖುಷಿಯ ವಿಷಯ! ಆದರೆ ಎಲ್ಲ ಪಂದ್ಯಗಳೂ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ. ಗೆದ್ದ ತಂಡ ತನ್ನ ಊರಿನ ಜನರ ಮುಂದೆ ಒಂದು ಪಂದ್ಯವನ್ನೂ ಆಡಲಿಲ್ಲ. ಕಬಡ್ಡಿಯ ಕಥೆಯೂ ಅಷ್ಟೇ. 2017ರಲ್ಲಿ ಬೆಂಗಳೂರು ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ.

ವೂಲ್ವ್ಸ್ ಎದುರು ಆಡಲು ಬರುವ ತಂಡಗಳಲ್ಲಿ ರಾಕ್‌ಫರ್ಡ್ ಒಂದು. ಅದು ಸುಮಾರು ಒಂದೂವರೆ ಲಕ್ಷ ಜನರ ಊರು. ಅವರಿಗೂ ತಮ್ಮದೇ ಅರೀನಾ ಇದೆ, ಅಲ್ಲೂ 36 ಪಂದ್ಯ. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅಲ್ಲಿನ ಮಕ್ಕಳು ತಮ್ಮ ತಂಡವನ್ನು ಟಿವಿಯಲ್ಲೇ ನೋಡಬೇಕಾ?

ಒಂದೇ ಮೈದಾನದಲ್ಲಿ ಟೂರ್ನಿ ಮುಗಿಸಿದರೆ ಖರ್ಚು ಕಡಿಮೆ, ಪ್ರಸಾರ ಸುಲಭ. ಅದು ನನಗೂ ಅರ್ಥವಾಗುತ್ತದೆ. ಇಡೀ ಟೂರ್ನಿಯನ್ನು ಊರೂರಿಗೆ ಹಂಚಿ ಅಂತ ಕೇಳುತ್ತಿಲ್ಲ. ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನ ಇದೆ, ರಣಜಿ ಪಂದ್ಯಗಳು ಅಲ್ಲಿ ನಡೆದಿವೆ. ಶುರುವಿಗೆ ಒಂದು ವಾರಾಂತ್ಯ, ಟೈಗರ್ಸ್ ತಂಡದ ಎರಡು ಪಂದ್ಯ, ಹಗಲು ಹೊತ್ತಲ್ಲೇ ಆದರೂ ಸರಿ, ಅಲ್ಲಿ ಆಗಲಿ. ದಿನಾಂಕವನ್ನು ಎರಡು ತಿಂಗಳು ಮೊದಲೇ ಹೇಳಿ. ಗದಗ, ಹಾವೇರಿಯವರೂ ಮಕ್ಕಳನ್ನು ಕರೆದುಕೊಂಡು ಬರಬಹುದು.