4 ಪೌಂಡ್ ಬಾಕಿ

ನಿನ್ನೆ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಕೆಮ್ಮುತ್ತಲೇ ಶಾಲು ಹೊದ್ದು, 1960ರ ಕಪ್ಪು-ಬಿಳುಪು ಚಿತ್ರ ‘ದ ಫ್ಲೆಶ್ ಅಂಡ್ ದ ಫೀಂಡ್ಸ್’ ನೋಡಿ ಶಾಸ್ತ್ರೋಕ್ತವಾಗಿ ಹೆದರಬೇಕೆಂದು ಕುಳಿತಿದ್ದ ನನ್ನನ್ನು ನಮ್ಮ ಮನೆಯ ಮಾಲೀಕರು ಹೆದರಲು ಬಿಡಲಿಲ್ಲ. ಹನ್ನೆರಡನೇ ತಾರೀಖಾದರೂ ಬಾಡಿಗೆ ತಲುಪಿಲ್ಲವೆಂದು ನೆನಪಿಸಲು ಮಹಡಿ ಹತ್ತಿ ಬಂದವರು, ‘ಐದೇ ನಿಮಿಷ’ ಎಂದು ನನ್ನ ಕುರ್ಚಿಯಲ್ಲಿ ಕುಳಿತು ಚಿತ್ರ ಮುಗಿಯುವವರೆಗೂ ಏಳಲಿಲ್ಲ.

ಇದು 1828ರ ಎಡಿನ್‌ಬರೋದಲ್ಲಿ ನಿಜವಾಗಿ ನಡೆದ ಕಥೆ. ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ನಾಕ್ಸ್‌ಗೆ ಮಾರಿದರು. ಮೊದಲ ಹೆಣ ಮಾತ್ರ ಕೊಲೆಯದಲ್ಲ. ಹೇರ್‌ನ ವಸತಿಗೃಹದಲ್ಲಿದ್ದ ಮುದುಕನೊಬ್ಬ 4 ಪೌಂಡ್ ಬಾಡಿಗೆ ಬಾಕಿ ಉಳಿಸಿ ತಾನಾಗಿಯೇ ಸತ್ತಿದ್ದ. ಶವಪೆಟ್ಟಿಗೆಗೆ ಮರದ ತೊಗಟೆ ತುಂಬಿ, ದೇಹವನ್ನು 7 ಪೌಂಡ್ 10 ಶಿಲ್ಲಿಂಗಿಗೆ ಮಾರಿದರು.

ಇಷ್ಟನ್ನು ನಾನು ವಿವರಿಸಿದ್ದೇ ತಪ್ಪಾಯಿತು. ‘ಅಲ್ಲ ಸ್ವಾಮಿ, ಅಡ್ವಾನ್ಸ್ ಇಸ್ಕೊಂಡಿರಲಿಲ್ವಾ?’ ಎಂದರು ಮಾಲೀಕರು. ನಾಕ್ಸ್‌ನ ಪಾತ್ರದಲ್ಲಿ ಪೀಟರ್ ಕುಶಿಂಗ್ ಒಂದು ಕಣ್ಣು ಕುಗ್ಗಿಸಿ ಮೈ ಜುಮ್ಮೆನ್ನುವಂತೆ ಮಾತನಾಡುತ್ತಿದ್ದರೆ, ಇವರಿಗೆ ಚಿಂತೆಯಿದ್ದದ್ದು ಆ ಹಣದಲ್ಲಿ ಬರ್ಕ್‌ಗೇಕೆ ಪಾಲು, ಮನೆ ಹೇರ್‌ನದಲ್ಲವೇ ಎಂಬುದು. ಹೇರ್‌ಗೆ 4 ಪೌಂಡ್ 5 ಶಿಲ್ಲಿಂಗ್ ಸಂದಿತೆಂದು ಹೇಳಿದ ಮೇಲೆ, ಬಾಕಿ ವಸೂಲಾಗಿ 5 ಶಿಲ್ಲಿಂಗ್ ಮಿಕ್ಕಿತೆಂದು ಬೆರಳಲ್ಲೇ ಲೆಕ್ಕ ಹಾಕಿ, ಮೊದಲ ಬಾರಿಗೆ ಕುರ್ಚಿಗೆ ಒರಗಿದರು. ಆಮೇಲಿನ ಪ್ರತಿಯೊಂದು ಕೊಲೆಗೂ ‘ಇವರದೆಷ್ಟು ಬಾಕಿ?’ ಎಂದು ವಿಚಾರಿಸುತ್ತಲೇ ಇದ್ದರು. ಉಸಿರು ಬಿಗಿಹಿಡಿಯಬೇಕಾದ ದೃಶ್ಯಗಳಲ್ಲೆಲ್ಲ ನಾನು ಹಲ್ಲು ಕಚ್ಚಿ ಕುಳಿತಿದ್ದೆ.

ಊರಿಗೆಲ್ಲ ಪರಿಚಿತನಾಗಿದ್ದ, ಬೀದಿ ಅಲೆಯುವ ಮುಗ್ಧ ಹುಡುಗ ಜೇಮಿಯನ್ನು ಕೊಂದಾಗ ಮಾತ್ರ ಅವರು ಏನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ, ‘ಪಾಪ, ಅವನಿಗೆ ಮನೆಯೇ ಇರಲಿಲ್ಲವಲ್ಲ’ ಎಂದರು. ಆಗ ನನ್ನ ಸಿಟ್ಟು ಅರೆಕ್ಷಣ ಇಳಿದದ್ದು ನಿಜ.

ಅದು ಮರಳಲು ತಡವಾಗಲಿಲ್ಲ. 1829ರ ಜನವರಿಯಲ್ಲಿ ಬರ್ಕ್ ಗಲ್ಲಿಗೇರಿದನೆಂದೂ, ಅವನನ್ನೂ ಕೊಯ್ದು ಪಾಠ ಮಾಡಿದರೆಂದೂ, ಅವನ ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆಯೆಂದೂ, ಮಾಫಿಸಾಕ್ಷಿಯಾದ ಹೇರ್ ಬಿಡುಗಡೆಯಾದನೆಂದೂ ತಿಳಿಸಿದೆ. ‘ಅಂದರೆ ಮನೆ ಮಾಲೀಕ ಪಾರಾದ’ ಎಂದು ಎದ್ದು ನಿಂತವರ ಮುಖದಲ್ಲಿ ನ್ಯಾಯ ಸಿಕ್ಕಿದ ಕಳೆಯಿತ್ತು. ಬಾಗಿಲಲ್ಲಿ ತಿರುಗಿ, ‘ಕೆಮ್ಮು ಜೋರಾಗಿದೆಯಲ್ಲ, ಕಷಾಯ ಕಳಿಸ್ತೀನಿ’ ಎಂದರು.

ಹೇರ್‌ನ ಮನೆಯಲ್ಲಿ ಕಾಯಿಲೆ ಬಿದ್ದವನಿಗೂ ಮೊದಲು ವಿಸ್ಕಿ ಕುಡಿಸಿದ್ದರಂತೆ. ಕಷಾಯವನ್ನು ತುಳಸಿ ಕುಂಡಕ್ಕೆ ಸುರಿದು, ರಾತ್ರಿ ಹನ್ನೆರಡೂವರೆಗೆ ಬಾಡಿಗೆಯನ್ನು ಮೊಬೈಲಿನಲ್ಲೇ ಕಳಿಸಿಬಿಟ್ಟೆ.